ಒಂದೂವರಿ ಸ್ಪೀಡಿನ ವಿಮರ್ಶಕರಿಗೆ

ನಿನ್ನೆ ರಾತ್ರಿ ಸಪ್ತಾಪುರದಾಗ ನಮ್ಮ ಗೆಳ್ಯಾನ ಮನಿ ಮ್ಯಾಲಿನ ಖೋಲ್ಯಾಗ ಎದ್ದ ಗದ್ದಲ ಕೇಳಿ, ಬಾಜೂ ಮನ್ಯಾವ್ರು ಅಣ್ತಮ್ಮರ ನಡುವ ಆಸ್ತಿ ಪಾಲಾಗಾಕತ್ತೈತಿ ಅಂತ ತಿಳ್ಕೊಂಡಿರಬೇಕು. ಪಾಲೂ ಇಲ್ಲ, ಗೀಲೂ ಇಲ್ಲ. ‘ಟ್ವಿನ್ ಪೀಕ್ಸ್’ ಅನ್ನೂ ಅಮೆರಿಕಾದ ಸೀರಿಯಲ್ ನೋಡಿ ಮುಗೀತು, ಅಷ್ಟ. 2017ರಾಗ ತಿರುಗಿ ಬಂತಲ್ಲ, ಆ 18 ಭಾಗದ್ದರ ಕಡೀ ಭಾಗ. ಏಜೆಂಟ್ ಕೂಪರ್ ನಡುರಸ್ತಾದಾಗ ನಿಂತು ಇದು ಯಾವ ಇಸವಿ ಅಂತ ಕೇಳ್ತಾನ, ಅವನ ಜೋಡಿ ಬಂದ ಹೆಣ್ಮಗಳು ಎದಿ ಒಡಿಯೂ ಹಂಗ ಚೀರ್ತಾಳ, ಮನಿ ದೀಪ ಆರ್ತಾವ, ಪರದೆ ಕಪ್ಪ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮ್ಯಾಲೆ ನಮ್ಮ ಹುಬ್ಬಳ್ಳಿ ಗೆಳೆಯ ಗಿರಮಿಟ್ಟಿನ ಪ್ಲೇಟ್ ಟಪ್ಪಂತ ಕೆಳಗಿಟ್ಟು, “ಇಷ್ಟಕ್ಕ ಇಷ್ಟು ರವಿವಾರ ಹಾಳ ಮಾಡಿಸಿದ್ಯಲ್ಲೋ ಮಾರಾಯಾ” ಅಂದ.

ಹಂಗ ಅಂದದ್ದಕ್ಕ ನಂಗ ಸಿಟ್ಟಿಲ್ಲ. ಸೇರಲಿಲ್ಲ ಅಂದ್ರ ಸೇರಲಿಲ್ಲ, ಮುಗೀತು. ಚಿಗರಿ ಬಸ್ಸು ಹಿಡಿದು ಅಲ್ಲಿಂದ ಇಲ್ಲಿತನಕಾ ಬರಾಂವಗ ಬೈಯೂ ಹಕ್ಕರೆ ಬ್ಯಾಡೇನು? ಆದ್ರ ಬೈದು ಬೈದು ದಣಿದ ಮ್ಯಾಲೆ ಬಾಯಿ ಬಿಟ್ಟ ನೋಡ್ರಿ. ನಡುವ ಬರಾಕ ಆಗದ ತಪ್ಪಿದ ಭಾಗ ಏನಿದ್ವು, ಅವನ್ನ ಮನ್ಯಾಗ ಲ್ಯಾಪ್‌ಟಾಪಿನ್ಯಾಗ ಒಂದೂವರಿ ಸ್ಪೀಡ್ ಇಟ್ಟು ನೋಡ್ಯಾನಂತ. “ಆ ಕಸಾ ಹೊಡಿಯೂ ಸೀನಂತೂ ಡಬಲ್ ಇಟ್ಟೆ, ಅದರಾಗೇನೈತಿ ನೋಡೂದು?” ಅಂತ ನಕ್ಕ ಬ್ಯಾರೆ.

ಅಲ್ಲಿಗೆ ನನ್ನ ತಲಿ ತಿರುಗ್ತು. ಇವತ್ತು ಮಧ್ಯಾಹ್ನ ಆದ್ರೂ ಇನ್ನೂ ನೆಟ್ಟಗಾಗಿಲ್ಲ. ಅದಕ್ಕ ಈ ಉದ್ದನ್ನ ಪೋಸ್ಟು. ಓದೂದಿದ್ರ ನಿಧಾನ ಓದ್ರಿ, ಇಲ್ಲಾಂದ್ರ ಲೈಕೂ ಒತ್ತಬ್ಯಾಡ್ರಿ.

ಕಸಾ ಹೊಡಿಯೂ ಸೀನು ಅಂದ್ರ ಏಳನೇ ಭಾಗದಾಗ ಬರ್ತೈತಿ. ರಾತ್ರಿ ಬಾರ್ ಬಾಗಲಾ ಹಾಕಿದ ಮ್ಯಾಲೆ ಒಬ್ಬಾಂವ ಅಗಲನ್ನ ಪೊರಕಿ ಹಿಡಿದು ನೆಲಾ ಹೊಡೀತಾನ. ಕ್ಯಾಮೆರಾ ದೂರ ನಿಂತಲ್ಲೇ ನಿಂತಿರ್ತೈತಿ, ಜಪ್ಪಯ್ಯ ಅಂದ್ರೂ ಅಲುಗೂದಿಲ್ಲ. ಒಂದು ಹಳೇ ಟ್ಯೂನ್ ಹಚ್ಚಿರ್ತಾರ. ಎರಡು ನಿಮಿಷದ ಮ್ಯಾಲೆ ಇಷ್ಟ. ಆ ಕಸಾ ಹಂತ ಹಂತವಾಗಿ ಗುಂಪಿ ಆಗೂದು, ಒಂದೆರಡು ಚೂರು ತಪ್ಪಿಸಿಕೊಳ್ಳೂದು, ಅಂವ ತಿರುಗಿ ಬಂದು ಅವನ್ನ ಎಳಕೊಳ್ಳೂದು. ಮೊದಲ ನಗು ಬರ್ತೈತಿ, ಆಮ್ಯಾಲೆ ಬ್ಯಾಸರಾ, ಅದನ್ನೂ ದಾಟಿದ್ರ ಕಣ್ಣು ತಾನ ಸುಮ್ಮನಾಗಿ ಆ ನೆಲದ ಮ್ಯಾಲೆ ಕುಂಡ್ರತೈತಿ. ಆಗ ಕೌಂಟರಿನ ಫೋನ್ ಬಾರಿಸ್ತೈತಿ. ಮಾಲಕ ಎತ್ತಿ ಮಾತಾಡೂದೇನು? ಹದಿನೈದು ವರ್ಷದ ಹುಡುಗ್ಯಾರನ್ನ ದಂಧೆಕ್ಕ ಕಳಿಸಿದ ರೊಕ್ಕದ ಲೆಕ್ಕ! ನೆಲಾ ಅಷ್ಟೊತ್ತು ಸ್ವಚ್ಛ ಆಗೂದನ್ನ ನೋಡಿಕೋತ ಕುಂತಾವಗ ಮಾತ್ರ ಆ ಮಾತಿನ ಹೊಲಸು ಮೂಗಿಗೆ ಬಡಿತೈತಿ. ಡಬಲ್ ಸ್ಪೀಡಿನಾಂವಗ ಏನ್ ಸಿಗ್ತೈತಿ? ಪೊರಕಿ, ಫೋನು, ಮುಂದ.

ನಿಮ್ಮೊಳಗ ಇದರ ಹೆಸರ ಕೇಳದವರೂ ಇರ್ತೀರಿ, ಅವರಿಗೆ ಗಡಿಬಿಡಿಲೆ ಹೇಳಿಬಿಡ್ತೀನಿ. 1990ರ ಏಪ್ರಿಲ್ 8ಕ್ಕ ಅಮೆರಿಕಾದ ಎಬಿಸಿ ಚಾನಲ್ಲಿನ್ಯಾಗ ಶುರುವಾತು. ಮಾಡಿದವರು ಡೇವಿಡ್ ಲಿಂಚ್ ಮತ್ತ ಮಾರ್ಕ್ ಫ್ರಾಸ್ಟ್. ಸಣ್ಣ ಊರು, ಸುತ್ತ ಅಡವಿ, ಲಾರಾ ಪಾಮರ್ ಅನ್ನೂ ಹುಡುಗಿ ಹೆಣಾ ಪ್ಲಾಸ್ಟಿಕ್ಕಿನ್ಯಾಗ ಸುತ್ತಿದ್ದು ಹೊಳಿದಂಡಿಗೆ ಸಿಗ್ತೈತಿ. ಪತ್ತೆ ಹಚ್ಚಾಕ ಬಂದ ಎಫ್‌ಬಿಐ ಏಜೆಂಟ್ ಕೂಪರ್ ಕನಸು ನಂಬ್ತಾನ, ಕಾಫಿ ಕುಡದು ಕುಣೀತಾನ. ಕೆಂಪು ಪರದೆ ಖೋಲಿ, ಅಲ್ಲಿ ಉಲ್ಟಾ ಮಾತು. ನಟರು ಮಾತನ್ನ ಹಿಂದುಮುಂದು ಆಡಿ, ಅದನ್ನ ಮತ್ತ ತಿರುಗಿಸಿ ಹಾಕ್ಯಾರ, ಹಿಂಗಾಗಿ ಕೇಳಿದ್ರ ಮೈಮ್ಯಾಲೆ ಹುಳಾ ಹರಿದಂಗಾಗ್ತೈತಿ. ಮೊದಲ ದಿನ ಸುಮಾರು 3.5 ಕೋಟಿ ಮಂದಿ ನೋಡಿದ್ರು. ನಮ್ಮ ಧಾರವಾಡದಾಗ ಆಗ ದೂರದರ್ಶನ ಬಿಟ್ರ ಮ್ಯಾಲೆ ಆಕಾಶ.

ಮತ್ತ ಆ 3.5 ಕೋಟಿ ಮಂದಿ ಏನ್ ಮಾಡಿದ್ರು ಗೊತ್ತೈತೇನು? ಅವರೂ ಒಂದೂವರಿ ಸ್ಪೀಡಿನ ಮಂದಿನ. ರಿಮೋಟಿನ್ಯಾಗ ಆ ಗುಂಡಿ ಇರಲಿಲ್ಲ, ಅಷ್ಟ ಫರಕು. ಯಾರು ಕೊಂದ್ರು, ಯಾರು ಕೊಂದ್ರು, ಲಗೂ ಹೇಳ್ರಿ ಅಂತ ಕುತ್ತಿಗಿ ಮ್ಯಾಲೆ ಕುಂತರು. ಚಾನಲ್‌ನವರೂ ಒತ್ತಡ ಹಾಕಿದ್ರು. ಲಿಂಚ್‌ಗ ಹೇಳೂ ಮನಸ್ಸ ಇರಲಿಲ್ಲ. ಬಂಗಾರದ ತತ್ತಿ ಇಡೂ ಪಕ್ಷಿ ಕೊಂದಂಗಾತು ಅಂತ ಆಮ್ಯಾಲೆ ಹೇಳಿಕೊಂಡಾನ. ಕಡೀಕೆ 1990ರ ನವೆಂಬರದಾಗ ಕೊಲೆಗಾರ ಯಾರಂತ ತೋರಿಸಿದ್ರು. ಉತ್ತರಾ ಸಿಕ್ತಲ್ಲ, ಕೇಳಿದ ಮಂದಿನ ಎದ್ದು ಹೋದ್ರು. 1991ರ ಜೂನ್‌ದಾಗ ಅಂಗಡಿ ಬಂದ್. ಎರಡನೇ ಸೀಸನ್ನಿನ ನಟ್ಟನಡುವಿನ ಭಾಗ ದಂಡ ಅವ ಅಂತ ನಾನೂ ಒಪ್ತೀನಿ, ಆ ಮೋಟರ್ ಸೈಕಲ್ ಹುಡುಗನ ಪ್ರೇಮ ಪ್ರಕರಣ ನೋಡೂವಾಗ ನಾನ ಎದ್ದು ಚಹಾಕ್ಕ ಇಟ್ಟೆ. ಎದ್ದು ಹೋಗೂದು ಬ್ಯಾರೆ. ಕುಂತು ಓಡಿಸೂದು ಬ್ಯಾರೆ.

ನಮ್ಮ ಹುಬ್ಬಳ್ಳಿಯವನ ಕಡೆ ಇದಕ್ಕೂ ಲೆಕ್ಕ ಇತ್ತು. “1990ರಾಗ 3.5 ಕೋಟಿ, 2017ರ ಮೊದಲ ರಾತ್ರಿ ಟೀವಿಯಾಗ 5 ಲಕ್ಷ. ಜನಾ ತೀರ್ಪು ಕೊಟ್ಟಾರಲ್ಲಪಾ.” ರೊಕ್ಕಾ ಕೊಟ್ಟು ಹಾಕಿಸ್ಕೊಳ್ಳೂ ಶೋಟೈಮ್ ಚಾನಲ್ಲಿಗೂ ಪುಕಟ್ ಎಬಿಸಿಗೂ ತಕ್ಕಡಿ ಹಿಡೀತಾನ, ಬಿ.ಕಾಂ. ಫಸ್ಟ್ ಕ್ಲಾಸ್ ಪಾಸಾದಾಂವ. ಅದು ಹೋಗ್ಲಿ, ತಲಿ ಎಣಿಸಿ ತೀರ್ಪು ಕೊಡೂದಿದ್ರ ಕುಂಡ್ರೂದ ಯಾಕ, ನೋಡೂದ ಯಾಕ?

ಇನ್ನೊಂದು ಕಡೆ ನಮ್ಮ ಪ್ರೊಫೆಸರ್ ಸಾಹೇಬರು. ಇವರು ಪರಮ ಭಕ್ತರು. ಫ್ರಾನ್ಸಿನ ‘ಕಾಯೆ ದು ಸಿನೆಮಾ’ ಪತ್ರಿಕೆ ಇದನ್ನ 2017ರ ಸಿನೆಮಾ ಪಟ್ಟಿಯೊಳಗ ಒಂದನೇ ನಂಬರಿಗೆ ಇಟ್ಟೈತಿ ಅನ್ನೂದನ್ನ ಸೇರಿದಾಗೊಮ್ಮೆ ಹೇಳ್ತಾರ, ನಾವೇನೋ ಆ ಪತ್ರಿಕಾಕ್ಕ ಚಂದಾ ಕಟ್ಟಿದವರ ಹಂಗ. ಕೈಯಾಗ ಒಂದು ನೋಟ್‌ಬುಕ್. ಅದರಾಗ ಬಾಣದ ಗುರ್ತು, ಗೋಲು, ಯಾರು ಯಾರ ಕನಸಿನ್ಯಾಗ ಅದಾರ ಅನ್ನೂ ನಕಾಶೆ. ಕಡೀ ಭಾಗ ನೋಡೂಕಿಂತ ಮೊದಲ ತಾಸುಗಟ್ಟಲೆ ‘ಎಕ್ಸ್‌ಪ್ಲೇನ್ಡ್’ ವಿಡಿಯೋ ನೋಡಿ ಬಂದಿದ್ರು! ಅಲ್ರೀ ಸರ, ಮದಿವಿಗೆ ಮೊದಲ ಕಡೇಬಾಗಿಲಲೆ ಹೋಗಿ ಊಟಾ ಮಾಡಿ ಬಂದು ಅಕ್ಕಿಕಾಳಿಗೆ ನಿಲ್ಲೂ ಚಾಳಿ ನಿಮಗ್ಯಾಕ ಬಂತು?

ಇವರೂ ಅದ ಜಾತಿ ಅನ್ನೂದು ನನ್ನ ತಕರಾರು. ಅಂವ ಮುಗದ್ರ ಸಾಕು ಅಂತ ಓಡಸ್ತಾನ, ಇವರು ಉತ್ತರಾ ಸಿಕ್ರ ಸಾಕು ಅಂತ ಓಡ್ತಾರ. ಕಣ್ಣಮುಂದ ಇದ್ದದ್ದನ್ನ ಇಬ್ಬರೂ ನೋಡ್ಲಿಲ್ಲ.

ಸಾಹೇಬರಿಗೆ ನಾ ಒಂದ ಕೇಳಿದೆ. ಈ ಸೀರಿಯಲ್ಲಿನ ಮುಖ್ಯ ಪಿಶಾಚಿ ಬಾಬ್ ಎಲ್ಲಿಂದ ಬಂದ? ಫ್ರ್ಯಾಂಕ್ ಸಿಲ್ವಾ ಅಂತ, ಸೆಟ್ಟಿನ್ಯಾಗ ಕುರ್ಚಿ ಮಂಚಾ ಸರಿಸೂ ಕೆಲಸದಾಂವ. ಮೊದಲ ಭಾಗ ಶೂಟ್ ಮಾಡೂವಾಗ ಲಾರಾನ ಖೋಲ್ಯಾಗ ಅವನನ್ನ ನೋಡಿ ಲಿಂಚ್‌ಗ ಏನ್ ಹೊಳೀತೋ, ಮಂಚದ ಕಾಲಕಡೆ ಅಡಗಿ ಕುಂಡ್ರು ಅಂದ. ಯಾಕಂತ ಅವನಿಗೇ ಗೊತ್ತಿಲ್ಲ. ಆಮ್ಯಾಲೆ ಲಾರಾನ ತಾಯಿ ಚೀರೂ ಶಾಟ್ ತಗದಾಗ ಕನ್ನಡಿಯೊಳಗ ಅದ ಸಿಲ್ವಾನ ಮಾರಿ ತಪ್ಪಿ ಬಿದ್ದಿತ್ತು. ಬ್ಯಾರೆಯವರಾಗಿದ್ರ ಕಟ್ ಅಂತಿದ್ರು. ಇಂವ ಖುಷಿಯಾಗಿ ಇಟ್ಕೊಂಡ. ನಿಮ್ಮ ನಕಾಶೆದಾಗ ಆ ಕನ್ನಡಿ ಎಲ್ಲೈತಿ ತೋರಸ್ರಿ ಅಂದೆ. ಸಾಹೇಬರು ಕನ್ನಡಕಾ ಒರಸ್ಕೊಂಡ್ರು.

ಆಗ ಹುಬ್ಬಳ್ಳಿಯಾಂವ ನಡುವ ಬಾಯಿ ಹಾಕಿ, “ಹಂಗಾರ ಅರ್ಥಾನ ಇಲ್ಲಂದಂಗಾತಲ್ಲ” ಅಂದ. ಇಂವನ ಅಜ್ಜನ ಊರು ಶಿಗ್ಗಾಂವ ತಾಲೂಕು. ಶಿಶುನಾಳದ ಜಾತ್ರಿಗೆ ತಪ್ಪದ ಹೋಗಾಂವ. ಕೋಡಗನ್ನ ಕೋಳಿ ನುಂಗಿದ್ದು, ಆಡು ಆನೀನ ನುಂಗಿದ್ದು ಬೆಳತನಕಾ ಭಜನಿಯೊಳಗ ತಾಳ ಹಾಕಿಕೋತ ಹಾಡ್ತಾನ. ಅಲ್ಲಿ ಯಾವತ್ತೂ ಎದ್ದು ನಿಂತು “ಕೋಳಿ ಹೊಟ್ಟಿಯೊಳಗ ಕೋಡಗ ಹೆಂಗ ಹಿಡೀತು” ಅಂತ ಕೇಳಿಲ್ಲ. “ಅದಕ್ಕ ತತ್ವ ಐತೋ” ಅಂದ. ಐತಿ, ಇಲ್ಲ ಅಂದವರ್ಯಾರು? ಆದ್ರ ಆರು ವರ್ಷದ ಹುಡುಗ ಇದ್ದಾಗ ಅಜ್ಜನ ತೊಡಿ ಮ್ಯಾಲೆ ಕುಂತು ನೀ ಕೇಳಿದ್ದು ತತ್ವ ಅಲ್ಲಲೇ, ಕೋಳಿ. ಮೊದಲ ಕೋಳಿ ಬಾಯಿ ತಗೀತು, ನಿನ್ನ ಕಣ್ಣು ದೊಡ್ಡವಾದ್ವು. ಎಂಟನೇ ಭಾಗದಾಗ 1945ರ ಜುಲೈ 16ರ ಅಣುಬಾಂಬು ನ್ಯೂ ಮೆಕ್ಸಿಕೋದ ಮರಳುಗಾಡಿನ್ಯಾಗ ಸಿಡೀತೈತಿ, ಕಪ್ಪು-ಬಿಳಿ ಪರದೆಯಾಗ ಕ್ಯಾಮೆರಾ ನಿಧಾನಕ್ಕ ಆ ಹೊಗಿಯೊಳಗ ಹೊಕ್ಕು ಹೋಗಾಕತ್ತೈತಿ, ಹಿಂದ ಪಿಟೀಲುಗಳು ಕಿರುಚ್ತಾವ, ಅಲ್ಲಿಂದ ಪಿಡುಗು ಹುಟ್ಟತಾವ. ಅಲ್ಲೂ ಮೊದಲ ಕಣ್ಣು ದೊಡ್ಡವಾಗಬೇಕಲ್ಲ? ಒಂದೂವರಿ ಸ್ಪೀಡಿನ್ಯಾಗ ಬಾಂಬು ಸುರಸುರಬತ್ತಿ ಆಗ್ತೈತಿ.

ಈಗ ಒಬ್ಬರರೆ ಕೇಳೇ ಕೇಳ್ತೀರಿ, ನನ್ನ ಹೆಂಡತಿ ಬೆಳಗಿನ ಚಹಾದ ಹೊತ್ತಿನ್ಯಾಗ ಕೇಳಿಬಿಟ್ಟಾಳ: “ನಿಧಾನ ಇದ್ದದ್ದೆಲ್ಲಾ ಕಲಾ ಅಂದ್ರ ನಮ್ಮ ಸಂಜೀಕಿನ ಧಾರಾವಾಹಿ ಏನ್ ಪಾಪಾ ಮಾಡ್ಯಾವು? ಅತ್ತಿ ಒಂದ ಕಪಾಳಕ್ಕ ಹೊಡದ್ರ ಅದು ಶುಕ್ರವಾರತನಕಾ ನಡೀತೈತಿ.” ಖರೇ ಮಾತು. ಆದ್ರ ಅಲ್ಲಿ ಮೂರು ಕಡಿಯಿಂದ ಮಾರಿ ತೋರಿಸಿ, ಧಡ್ ಧಡ್ ಅಂತ ಬಾರಿಸಿ, ಈಗ ಗಾಬರಿ ಆಗ್ರಿ, ಈಗ ಅಳ್ರಿ ಅಂತ ಹುಕುಂ ಕೊಡ್ತಾರ. ಅದು ನಿಧಾನ ಅಲ್ಲ, ಜಾಹೀರಾತು ಬರೂತನಕಾ ಗಿರಾಕಿನ ಹಿಡಕೊಂಡು ಕುಂಡ್ರೂದು. ಅವನ್ನ ಒಂದೂವರಿ ಏನು, ಮೂರರ ಸ್ಪೀಡಿನ್ಯಾಗ ನೋಡ್ರಿ, ಒಂದು ಗುಲಗಂಜಿ ಕಡಿಮಿ ಆಗೂದಿಲ್ಲ. ಹೆಂಡತಿಗೆ ಈ ಉತ್ತರಾ ಸೇರಲಿಲ್ಲ. ಇರಲಿ.

ಎಲ್ಲಾರಗಿಂತ ಹೆಚ್ಚ ಬೈಗಳಾ ತಿಂದಾಂವ ಡಗ್ಗಿ, ಅಂದ್ರ ಬುದ್ಧಿ ಮಂಕಾಗಿ ತಿರುಗಿ ಬಂದ ಕೂಪರನ್ನ ಮಂದಿ ಕರಿಯೂ ಹೆಸರು. ಮಂದಿ 25 ವರ್ಷ ದಾರಿ ಕಾದದ್ದು ಚುರುಕು ಕೂಪರ್‌ಗ, ಬಂದದ್ದು ಯಾರು? ಲಾಸ್ ವೇಗಾಸಿನ ಇನ್ಶೂರನ್ಸ್ ಆಫೀಸಿನ್ಯಾಗ ಬಾಯಿ ತಗದು ನಿಲ್ಲೂ, ಎದುರಿನವರ ಮಾತಿನ ಕಡೀ ತುಂಡು ಮಾತ್ರ ತಿರುಗಿ ಅನ್ನೂ ಮನಶಾ. ಹದಿನಾರನೇ ಭಾಗದತನಕಾ ಹಂಗ. ನನ್ನ ಧಂದೆ ನಿಮಗ ಗೊತ್ತೈತಲ್ಲ, ಇನ್ಶೂರನ್ಸಿನ್ಯಾಗ ಕೂದಲಾ ಬೆಳ್ಳಗ ಮಾಡ್ಕೊಂಡಾಂವ. ಆಣಿ ಮಾಡಿ ಹೇಳ್ತೀನಿ, ಇಷ್ಟು ಖರೇ ಆಫೀಸು ಯಾವ ಸೀರಿಯಲ್ಲಿನ್ಯಾಗೂ ನೋಡಿಲ್ಲ. ಅಂವ ಕ್ಲೇಮಿನ ಕಾಗದದ ಮ್ಯಾಲೆ ಸಣ್ಣ ಹುಡುಗರ ಹಂಗ ಗೆರಿ, ನಿಚ್ಚಣಿಕಿ ಗೀಚ್ತಾನ. ಸಾಹೇಬ ಮೊದಲ ಸಿಟ್ಟಾಗ್ತಾನ, ಆಮ್ಯಾಲೆ ಒಂದೊಂದ ಹಾಳಿ ನಿಧಾನ ತಿರುವಿ ಹಾಕೂವಾಗ ಅವನ ಮಾರಿ ಬದಲಾಗಾಕತ್ತೈತಿ, ಕ್ಲೇಮಿನೊಳಗಿನ ಮೋಸಾ ಕಾಣ್ತೈತಿ. ಬಾಯಿ ಮುಚ್ಚಿಕೊಂಡು ಕುಂತಾಂವನ್ನ ಶಾಣ್ಯಾ ಅಂತ ತಿಳಿಯೂದು ನಮ್ಮ ಧಂದೆದಾಗ ಹೊಸದೇನಲ್ಲ. ನಾ ಬಿದ್ದು ಬಿದ್ದು ನಕ್ಕೆ. ಉಳಿದವರು ಕೂಪರ್ ಯಾವಾಗ ಬರ್ತಾನ ಅಂತ ಗಡಿಯಾರ ನೋಡಾಕತ್ತಿದ್ರು.

ಒಂದು ಹೇಳಬಾರದಿತ್ತು, ಹೇಳಿಬಿಡ್ತೀನಿ. ಈ ಸ್ಪೀಡಿನ ಮ್ಯಾಲೆ ನಂಗ ಇಷ್ಟು ಉರಿ ಯಾಕ ಅಂದ್ರ, ಹೋದ ತಿಂಗಳ ಮಗ ಪುಣೆದಿಂದ ಬಂದಿದ್ದ. ನಾ ಮುಂಜಾನಿ ಕಳಸಿದ್ದ ವಾಯ್ಸ್ ಮೆಸೇಜನ್ನ ಅಡಗಿಮನ್ಯಾಗ ನಿಂತು ಕೇಳಾಕತ್ತಿದ್ದ. ನನ್ನ ದನಿ ಇಲಿ ಚೀಂವ್‌ಗುಟ್ಟಿದಂಗ ಬರಾಕತ್ತಿತ್ತು. ಡಬಲ್ ಇಟ್ಟಿದ್ದ. ಯಾವಾಗ್ಲೂ ಹಂಗ ಕೇಳ್ತಾನಂತ, “ಅಪ್ಪಾ ನೀ ಭಾಳ ಎಳೀತಿ” ಅಂದ, ಪ್ರೀತೀಲೇ ಅಂದ. ನಾ ನಕ್ಕೆ. ಈಗ ಟೈಪ್ ಮಾಡಿ ಕಳಸ್ತೀನಿ.

ಆಯ್ತು, ಸೀರಿಯಲ್ಲಿಗೆ ಬರೂಣು. ಹದಿನೈದನೇ ಭಾಗ. ಮರದ ದಿಮ್ಮಿನ ಕೂಸಿನ ಹಂಗ ಎತ್ತಿಕೊಂಡು ಕುಂಡ್ರೂ ಲಾಗ್ ಲೇಡಿ ಮಾರ್ಗರೆಟ್, ರಾತ್ರಿ ಆ ಊರಿನ ಪೊಲೀಸ ಹಾಕ್‌ಗ ಫೋನ್ ಮಾಡಿ ನಾ ಸಾಯಾಕತ್ತೀನಿ ಅಂತಾಳ. ಆ ಪಾತ್ರ ಮಾಡಿದಾಕಿ ಕ್ಯಾಥರಿನ್ ಕೌಲ್ಸನ್ ಖರೇನ ಆಗ ಕ್ಯಾನ್ಸರಿನಿಂದ ಕಡೀ ಉಸುರಿನ್ಯಾಗ ಇದ್ಲು. ಮೂಗಿಗೆ ಆಕ್ಸಿಜನ್ ನಳಿ ಹಚ್ಚಿಕೊಂಡ ಕ್ಯಾಮೆರಾದ ಮುಂದ ಕುಂತಾಳ. ಇದನ್ನ ಶೂಟ್ ಮಾಡಿದ ಕೆಲವ ದಿನಕ್ಕ, 2015ರ ಸಪ್ಟೆಂಬರದಾಗ ತೀರಿಕೊಂಡ್ಲು. ನೋಡಾಕ ಸಿಕ್ಕಿದ್ದು 2017ರಾಗ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವ ಆಕಿ ಉಸುರು ತಗೋತಾಳಲ್ಲ, ಹಾಕ್ ಆ ಕಡೆ ರಿಸೀವರ್ ಹಿಡಕೊಂಡು ಏನೂ ಅನ್ನದ ಕಾಯ್ತಾನಲ್ಲ, ಆ ಸೀನಿನ್ಯಾಗ ಇರೂದ ಅದು. ಫೋನ್ ಇಟ್ಟ ಮ್ಯಾಲೆ ಖಾಲಿ ಖೋಲಿಗೆ ಅಂವ ಹೇಳೂದು ಒಂದ ವಿದಾಯ. ನಿನ್ನೆ ಹುಬ್ಬಳ್ಳಿಯಾಂವಗ ಕೇಳಿದೆ, ಇದನ್ನೂ ಓಡಿಸಿದ್ಯಾ? “ನೆನಪಿಲ್ಲೋ” ಅಂದ.

ಅವನಿಗೆ ನೆನಪಿಲ್ಲ. ಆದ್ರೂ ಅಭಿಪ್ರಾಯ ಐತಿ. ಹತ್ತಕ್ಕ ಎರಡು ಮಾರ್ಕ್ಸು ಕೊಟ್ಟಾನ.

ಕಡೀ ಸೀನಿನ ಬಗ್ಗೆ ನನ್ನ ಅಭಿಪ್ರಾಯ ಕೇಳಾಕತ್ತೀರಿ, ಇನ್‌ಬಾಕ್ಸಿನ್ಯಾಗೂ ಕೇಳೀರಿ. ಆ ಕೂಪರ್ ಅದಾನಲ್ಲ, ಅವನೂ ನಮ್ಮ ಪೈಕಿನ. ಸತ್ತ ಹುಡುಗಿ ಲಾರಾನ ತಿರುಗಿ ಕೈ ಹಿಡಿದು ಮನಿಗೆ ಮುಟ್ಟಿಸಿಬಿಟ್ರ ಎಲ್ಲಾ ಮೊದಲಿನಂಗ ಆಗ್ತೈತಿ ಅನ್ನೂ ಅವಸರದಾಗ ರಾತ್ರೋರಾತ್ರಿ ಗಾಡಿ ಓಡಿಸ್ತಾನ. ಮುಟ್ಟಿದ ಮನಿ ಬಾಗಲಾ ತಗದಾಕಿ ಯಾರೋ ಪರಕೀ ಹೆಣ್ಮಗಳು. 1990 ಎಲ್ಲಿಂದ ತರ್ತಾನ ಅಂವ? ಮಂದಿ ಬೈದದ್ದೂ ಅದಕ್ಕ, ಹಳೇ ಕಾಫಿ, ಹಳೇ ನಗು, ಹಳೇ ಊರು ಬೇಕಾಗಿತ್ತು ಅವರಿಗೆ. ಲಿಂಚ್ ಕೊಡಲಿಲ್ಲ. ಇನ್ನ ಕೇಳೂಣು ಅಂದ್ರ ಅಂವನೂ 2025ರ ಜನವರಿಯಾಗ ಹೋದ.

ಮುಂದಿನ ರವಿವಾರ ಇದ ಸೀರಿಯಲ್ಲಿನ ಮ್ಯಾಲೆ ಬಂದ 1992ರ ಸಿನೆಮಾ ಹಾಕಾಂವದೀನಿ. ರಿಮೋಟು, ಲ್ಯಾಪ್‌ಟಾಪು ಎರಡೂ ನನ್ನ ತಾಬಾದಾಗ ಇರ್ತಾವ. ಹುಬ್ಬಳ್ಳಿ ಸಾಹೇಬರು ಬರಲಿ, ಮಿರ್ಚಿ ಅವರ ಲೆಕ್ಕಕ್ಕ. ಮತ್ತ ಕೆಳಗ ಕಮೆಂಟಿನ್ಯಾಗ ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ಲಿಂಕ್ ಹಾಕಿದವರನ್ನ ನೆಂಟರಾದ್ರೂ ಬ್ಲಾಕ್ ಮಾಡಾಂವ. ಪ್ರೊಫೆಸರ್ ಸಾಹೇಬರ, ನಿಮಗೂ ಹೇಳಾಕತ್ತೀನಿ.