ಮುಖ ಮ್ಯಾಚ್ ಆಗ್ತಿಲ್ಲವಂತೆ, ಮಗುವಿಗೆ ಊಟ ಇಲ್ಲವಂತೆ

ನಾನು ಅಂಗನವಾಡಿ ಕಾರ್ಯಕರ್ತೆ. ಕೆಲಸಕ್ಕೆ ಸೇರಿ 19 ವರ್ಷ ಆಯಿತು. ಯಾದಗಿರಿ ಜಿಲ್ಲೆಯ ಒಂದು ತಾಂಡಾ. ಹೆಸರು ಬೇಡ, ಹೇಳಿದರೆ ನಾಳೆಯೇ ನೋಟಿಸ್ ಬರುತ್ತದೆ. ತಲೆ ಕೆಟ್ಟು ಹೋಗಿದೆ, ಇಲ್ಲಾದರೂ ಕಕ್ಕಿಬಿಡೋಣ ಅಂತ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಏಳೂವರೆಗೆ ಒಬ್ಬ ತಾಯಿಯ ಮನೆ ಬಾಗಿಲಲ್ಲಿ ನಿಂತಿದ್ದೆ. ಆಗಷ್ಟೇ ಹತ್ತಿ ಬಿಡಿಸಿ ಬಂದಿದ್ದಳು. ಬೆರಳ ತುದಿಯೆಲ್ಲ ಸೀಳಿತ್ತು, ಸೆರಗಿಗೆ ಹತ್ತಿ ಎಳೆ ಅಂಟಿಕೊಂಡಿತ್ತು. ಅವಳ ಮಗುವಿಗೆ ಒಂದೂವರೆ ವರ್ಷ. ಅದಕ್ಕೆ ಅಂಗನವಾಡಿಯಿಂದ ಕೊಡಬೇಕಾದ ಪುಷ್ಟಿ ಅನ್ನುವ ಪೌಷ್ಟಿಕ ಆಹಾರದ ಪ್ಯಾಕೆಟ್ ನನ್ನ ಚೀಲದಲ್ಲೇ ಇತ್ತು. ಮಗು ನನ್ನ ಸೀರೆ ಹಿಡಿದು ಚೀಲದೊಳಗೆ ಇಣುಕುತ್ತಿತ್ತು. ಆದರೆ ಕೊಡುವ ಹಾಗಿಲ್ಲ! ಮೊದಲು ತಾಯಿಯ ಮುಖ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಅವಳ ಆಧಾರ್ ಫೋಟೋ ಜೊತೆ ಮ್ಯಾಚ್ ಆಗಬೇಕು. ಬೆಳಕು ಸಾಲದು ಅಂದಿತು. ಬಲ್ಬಿನ ಕೆಳಗೆ ನಿಲ್ಲಿಸಿದೆ. ಕಣ್ಣು ಮಿಟುಕಿಸಿ ಅಂದಿತು. ಮಿಟುಕಿಸಿದಳು. ಮತ್ತೆ ಮಿಟುಕಿಸಿ ಅಂದಿತು. ಅತ್ತೆ ಪಾಪ ಟಾರ್ಚ್ ತಂದು ಮುಖಕ್ಕೆ ಹಿಡಿದಳು, ಇವಳು ಕಣ್ಣೇ ಮುಚ್ಚಿಕೊಂಡಳು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಆರು ಸಲ ಹೀಗೇ ಆಯಿತು. ಆರನೇ ಸಲ ಬಂದ ಉತ್ತರ, ಮುಖ ಹೊಂದುತ್ತಿಲ್ಲ.

ಹೇಗೆ ಹೊಂದುತ್ತದೆ ಸ್ವಾಮಿ? ಆಧಾರ್ ಫೋಟೋ ತೆಗೆಸಿದಾಗ ಅವಳಿಗೆ ಹನ್ನೊಂದು ವರ್ಷ, ಎರಡು ಜಡೆಯ ಹುಡುಗಿ. ಈಗ ಎರಡು ಹೆರಿಗೆ ಆಗಿದೆ, ಮೈಯಲ್ಲಿ ರಕ್ತ ಇಲ್ಲ, ಕೆನ್ನೆ ಗುಳಿ ಬಿದ್ದಿದೆ. ನಾನು ಕೆಲಸಕ್ಕೆ ಸೇರಿದ ವರ್ಷ ಮೂಗು ಸುರಿಸಿಕೊಂಡು ನನ್ನ ಅಂಗನವಾಡಿಗೆ ಬಂದ ಮಕ್ಕಳಲ್ಲಿ ಇವಳೂ ಒಬ್ಬಳು. ಇವಳು ಇವಳೇ ಅಂತ ನಾನು ಹೇಳಿದರೆ ನಡೆಯಲ್ಲ, ಫೋನ್ ಹೇಳಬೇಕು. ಅದೂ ಒದ್ದಾಡಿ ಒದ್ದಾಡಿ ಬಿಸಿಯಾಗಿ ಆಫ್ ಆಗುವ ಫೋನ್.

ಹಗಲು ಕರೆಸಿಕೊಳ್ಳಿ ಅನ್ನುತ್ತಾರೆ. ಹತ್ತಿ ಕೂಲಿ ಕೆಜಿ ಲೆಕ್ಕ. ಬೆಳಿಗ್ಗೆ ಆರಕ್ಕೆ ಟಂಟಂ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಒಂದು ಪ್ಯಾಕೆಟ್‌ಗೋಸ್ಕರ ಒಂದು ದಿನದ ಕೂಲಿ ಬಿಡು ಅಂತ ಯಾವ ಬಾಯಿಂದ ಹೇಳಲಿ?

ಇನ್ನೊಬ್ಬಳದು ಓಟಿಪಿ ಕಥೆ. ಆಧಾರ್‌ಗೆ ಕೊಟ್ಟ ನಂಬರ್ ಗಂಡನದು. ಅವನು ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ. ಫೋನ್ ಮಾಡಿದರೆ ನಾಲ್ಕನೇ ಮಹಡಿ ಮೇಲೆ ಕಬ್ಬಿಣ ಕಟ್ಟುತ್ತಿರುತ್ತಾನೆ. ಅವನು ಕೆಳಗಿಳಿದು, ಮೆಸೇಜ್ ಹುಡುಕಿ, ಓದಲು ಬಾರದೆ ಪಕ್ಕದವನ ಕೈಗೆ ಕೊಟ್ಟು, ಅವನು ಅಂಕಿ ಹೇಳುವ ಹೊತ್ತಿಗೆ ಟೈಮ್ ಮುಗಿದಿರುತ್ತದೆ. "ಅಕ್ಕಾ, ಇದು ಬ್ಯಾಂಕಿನದಲ್ಲ ತಾನೆ? ದುಡ್ಡು ಹೋಗಲ್ಲ ತಾನೆ?" ಅಂತ ಕೇಳಿದ. ಯಾರಿಗೂ ಓಟಿಪಿ ಹೇಳಬೇಡಿ ಅಂತ ಪೊಲೀಸರೇ ಹೇಳಿ ಹೋಗಿದ್ದಾರೆ. ಅವನ ತಪ್ಪೇನು?

ಕಳ್ಳತನ ತಡೆಯಲು ಇದೆಲ್ಲ ಅಂತೆ. ಕದಿಯುವವರು ಇಲ್ಲ ಅನ್ನಲ್ಲ, ನಮ್ಮಲ್ಲೂ ಇದ್ದಾರೆ. ಆದರೆ ಗೋದಾಮಿನಿಂದ ಮೂಟೆಗಟ್ಟಲೆ ಮಾಯವಾದಾಗ ಯಾರ ಮುಖ ಸ್ಕ್ಯಾನ್ ಮಾಡಿದರು? ಕಣ್ಣು ಮಿಟುಕಿಸಬೇಕಾದವಳು ಮಾತ್ರ ಹತ್ತಿ ಬಿಡಿಸುವವಳು, ಅಲ್ವಾ?

2025ರ ಜುಲೈನಿಂದ ಇದು ಕಡ್ಡಾಯ. ಆವತ್ತಿನಿಂದ ವಾಟ್ಸಾಪ್ ಗ್ರೂಪ್ ತೆರೆಯಲು ಭಯ. ದಿನಾ ಒಂದು ಪಟ್ಟಿ, ಪೆಂಡಿಂಗ್ ಇರುವವರ ಹೆಸರು ಕೆಂಪು ಬಣ್ಣದಲ್ಲಿ. ಕೆಂಪು ಅಂದರೆ ನನಗೆ ನೆನಪಾಗುವುದು ಬೇರೆ. ಮಗುವಿನ ತೋಳಿಗೆ ಸುತ್ತುವ ಪಟ್ಟಿಯಲ್ಲಿ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. ಕಳೆದ ತಿಂಗಳು ಗುಳೆ ಹೋಗಿ ಬಂದ ಮನೆಯಲ್ಲಿ ಅಂಥ ಒಂದು ಮಗು ಸಿಕ್ಕಿತು. ಜಿಲ್ಲಾಸ್ಪತ್ರೆಯ ಪುನಶ್ಚೇತನ ಕೇಂದ್ರದಲ್ಲಿ 14 ದಿನ ಇಡಬೇಕು. ತಾಯಿ ಒಪ್ಪಲಿಲ್ಲ. ಉಳಿದ ಇಬ್ಬರನ್ನು ಯಾರು ನೋಡುತ್ತಾರೆ, ಮೇಸ್ತ್ರಿ ಹತ್ತಿರ ತಗೊಂಡ ಮುಂಗಡ ಯಾರು ತೀರಿಸುತ್ತಾರೆ ಅಂದಳು. ಮೂರು ದಿನ ಅವರ ಕಟ್ಟೆ ಮೇಲೆ ಕೂತೆ. ಅತ್ತೆಯ ಜೊತೆ ಎಲೆ ಅಡಿಕೆ ಹಾಕಿದೆ, ಜಗಳ ಆಡಿದೆ, ಒಮ್ಮೆ ಅತ್ತೂಬಿಟ್ಟೆ. ನಾಲ್ಕನೇ ದಿನ ಆಶಾ ಕಾರ್ಯಕರ್ತೆ ಜೊತೆ ಬಸ್ ಹತ್ತಿದಳು. ನನ್ನ ಕೆಲಸ ಅಂದರೆ ಇದು. ಇದನ್ನು ಬರೆಯಲು ಆ ಆ್ಯಪ್‌ನಲ್ಲಿ ಜಾಗವೇ ಇಲ್ಲ. ಆ ಮೂರು ದಿನ ನಾನು ಫೋಟೋ ಹಾಕಲಿಲ್ಲ ಅಂತ ಮಾತ್ರ ಗ್ರೂಪಲ್ಲಿ ಬಂತು.

1975ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ರಾಜ್ಯದ ಮೊದಲ 100 ಅಂಗನವಾಡಿ ಶುರುವಾದಾಗ ಇಂಥದ್ದೇನೂ ಇರಲಿಲ್ಲ. ನನಗಿಂತ ಮುಂಚೆ ಇಲ್ಲಿದ್ದ ಟೀಚರ್ ಒಂದು ರಿಜಿಸ್ಟರ್, ಒಂದು ತಕ್ಕಡಿಯಲ್ಲೇ ಕೆಲಸ ಮಾಡಿದರು, ಇಡೀ ತಾಂಡಾದ ಮಕ್ಕಳ ತೂಕ ಬಾಯಲ್ಲೇ ಹೇಳುತ್ತಿದ್ದರಂತೆ. ನಮ್ಮ ಗೌರವಧನದಲ್ಲಿ ಕೇಂದ್ರದ ಪಾಲು 2018ರಲ್ಲಿ 4500 ರೂಪಾಯಿ ಆಯಿತು. ಆಮೇಲೆ ಆ್ಯಪ್ ಎಷ್ಟು ಸಲ ಅಪ್‌ಡೇಟ್ ಆಯಿತೋ ಲೆಕ್ಕವಿಲ್ಲ, ಆ ಅಂಕಿಗೆ ಮಾತ್ರ ಅಪ್‌ಡೇಟ್ ಬಂದಿಲ್ಲ.

ನಿನ್ನೆ ಪ್ಯಾಕೆಟ್ ಕೊಟ್ಟೇ ಬಂದೆ. ಮುಖ ಮ್ಯಾಚ್ ಆಗದೆಯೇ. ಲೆಕ್ಕದಲ್ಲಿ ಅದು ನನ್ನ ಕಳ್ಳತನ. ನಾಳೆ ಬೆಳಿಗ್ಗೆ ಟಂಟಂ ಬರುವ ಮೊದಲು ತಾಂಡಾಕ್ಕೆ ಹೋಗಿ ಅವಳ ಮುಖ ಏಳನೇ ಸಲ ಹಿಡಿಯಬೇಕು. ಐದೂವರೆಗೆ ಇನ್ನೂ ಕತ್ತಲು ಬೇರೆ. ಟಾರ್ಚ್ ಚಾರ್ಜಿಗೆ ಹಾಕಿದ್ದೇನೆ.