‘ಲ್ಯಾಟಿನೆಕ್ಸ್’ ಕಡ್ಡಾಯವಾಗಿಲ್ಲ: ಒಂದು ಸ್ಪಷ್ಟನೆ

ಅಮೆರಿಕದಲ್ಲಿ ಲ್ಯಾಟಿನ್ ಅಮೆರಿಕ ಮೂಲದವರನ್ನು ಇನ್ನು ಮುಂದೆ ‘ಲ್ಯಾಟಿನೊ’ ಎನ್ನುವಂತಿಲ್ಲ, ಸರ್ಕಾರವೇ ‘ಲ್ಯಾಟಿನೆಕ್ಸ್’ ಪದವನ್ನು ಕಡ್ಡಾಯಗೊಳಿಸಿದೆ ಎಂಬ ಮಾತು ಹರಿದಾಡುತ್ತಿದೆ. ಇದು ನಿಜವಲ್ಲ. 2020ರ ಜನಗಣತಿಯ ಪ್ರಶ್ನೆಯಲ್ಲಿ ಇದ್ದದ್ದು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರು), ಲ್ಯಾಟಿನೊ ಮತ್ತು ಸ್ಪ್ಯಾನಿಷ್ ಎಂಬ ಪದಗಳೇ. 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾದ, ಜನಾಂಗೀಯ ಮಾಹಿತಿ ಸಂಗ್ರಹಕ್ಕೆ ಸಂಬಂಧಿಸಿದ ಒಕ್ಕೂಟ ಸರ್ಕಾರದ ಮಾನದಂಡವೂ ‘ಹಿಸ್ಪಾನಿಕ್ ಅಥವಾ ಲ್ಯಾಟಿನೊ’ ಎಂದೇ ಹೇಳುತ್ತದೆ. ಅರ್ಕಾನ್ಸಾ ರಾಜ್ಯದಲ್ಲಂತೂ 2023ರ ಜನವರಿಯಲ್ಲಿ ರಾಜ್ಯಪಾಲೆ ಸಾರಾ ಹಕಬಿ ಸ್ಯಾಂಡರ್ಸ್ ಸರ್ಕಾರಿ ದಾಖಲೆಗಳಲ್ಲಿ ಈ ಪದದ ಬಳಕೆಯನ್ನೇ ನಿಷೇಧಿಸಿದರು.

‘ಲ್ಯಾಟಿನೆಕ್ಸ್’ ಎಂದರೆ ‘ಮೂರನೇ ಲಿಂಗದವರ ಹೆಸರು’ ಎಂಬ ವಿವರಣೆಯೂ ಅರ್ಧ ಸತ್ಯ. ಸ್ಪ್ಯಾನಿಷ್‌ನಲ್ಲಿ ಗಂಡಸು ಲ್ಯಾಟಿನೊ, ಹೆಂಗಸು ಲ್ಯಾಟಿನಾ. ನೂರು ಹೆಂಗಸರ ನಡುವೆ ಒಬ್ಬ ಗಂಡಸಿದ್ದರೂ ವ್ಯಾಕರಣದ ಪ್ರಕಾರ ಇಡೀ ಗುಂಪು ‘ಲ್ಯಾಟಿನೊಸ್’ ಆಗುತ್ತದೆ. ‘ಅವರು’ ಎಂದು ಎಲ್ಲರನ್ನೂ ಒಂದೇ ಪದದಲ್ಲಿ ಕರೆಯುವ ನಮಗೆ ಈ ತೊಡಕು ಸುಲಭವಾಗಿ ಹೊಳೆಯುವುದಿಲ್ಲ. ಇಂಥ ಮಿಶ್ರ ಗುಂಪಿಗೂ, ಗಂಡು-ಹೆಣ್ಣೆಂಬ ವಿಂಗಡಣೆಯಲ್ಲಿ ತಮ್ಮನ್ನು ಗುರುತಿಸಿಕೊಳ್ಳದ ವ್ಯಕ್ತಿಗೂ ಹೊಂದುವಂತೆ ಕೊನೆಯ ಸ್ವರವನ್ನು ತೆಗೆದು ‘ಎಕ್ಸ್’ ಸೇರಿಸಲಾಯಿತು.

ಬಳಕೆ ಮಾತ್ರ ಕಡಿಮೆ. ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಅಮೆರಿಕದ ಲ್ಯಾಟಿನೊ ಸಮುದಾಯದ ವಯಸ್ಕರಲ್ಲಿ ಶೇ 47ರಷ್ಟು ಮಂದಿ ಪದವನ್ನು ಕೇಳಿದ್ದರೂ ತಮ್ಮನ್ನು ಹಾಗೆ ಕರೆದುಕೊಂಡವರು ಶೇ 4ರಷ್ಟು ಮಾತ್ರ. ಸ್ಪ್ಯಾನಿಷ್ ನಾಲಿಗೆಗೆ ಈ ‘ಎಕ್ಸ್’ ಒಗ್ಗುವುದಿಲ್ಲವೆಂಬ ಆಕ್ಷೇಪವಿದ್ದು, ಕೆಲವರು ಅದರ ಬದಲು ‘ಲ್ಯಾಟಿನೆ’ ಎಂಬ ರೂಪವನ್ನು ಬಳಸುತ್ತಾರೆ.