ಎರಡೂವರೆ ಗಂಟೆಯಲ್ಲಿ ವಾಲ್‌ಜೀನ್ ಸಿಗುತ್ತಾನಾ?

ವಿಕ್ಟರ್ ಹ್ಯೂಗೋ ಬರೆದ ‘ಲೆ ಮಿಸರಾಬ್ಲ್’ 1862ರಲ್ಲಿ ಹೊರಬಂತು. ಐದು ಭಾಗ, 365 ಅಧ್ಯಾಯ. ಇದೇ ಕಥೆಯನ್ನು 1978ರ ಡಿಸೆಂಬರ್ 27ರಂದು ಅಮೆರಿಕದ ಸಿಬಿಎಸ್ ವಾಹಿನಿ ಸುಮಾರು ಎರಡೂವರೆ ಗಂಟೆಯ ಟಿವಿ ಚಿತ್ರವಾಗಿ ತೋರಿಸಿತು. ನಿರ್ದೇಶಕ ಗ್ಲೆನ್ ಜೋರ್ಡನ್. ಕಥಾನಾಯಕ ವಾಲ್‌ಜೀನ್ ಆಗಿ ರಿಚರ್ಡ್ ಜೋರ್ಡನ್, ಪೊಲೀಸ್ ಅಧಿಕಾರಿ ಜಾವೇರ್ ಆಗಿ ಆಂಥನಿ ಪರ್ಕಿನ್ಸ್. ಜೈಲಿನಿಂದ ಕಲ್ಲಾಗಿ ಬಂದ ಒಬ್ಬ ಮನುಷ್ಯ ಮತ್ತೆ ಮನುಷ್ಯನಾಗುವ ಕಥೆ ಇದು. ಇಂಥ ಕಥೆಗೆ ಇಷ್ಟು ಹೊತ್ತು ಸಾಕಾ?

ಪರ: ಸಾಕು, ಮುಖಗಳು ಸರಿಯಾಗಿದ್ದರೆ

ಮೊದಲು ಒಂದು ದೃಶ್ಯ ನೆನಪಿಸಿಕೊಳ್ಳಿ. ಒಂದು ತುಂಡು ಬ್ರೆಡ್ಡಿಗಾಗಿ ಜೈಲು ಸೇರಿದವನು, ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಶಿಕ್ಷೆ ಬೆಳೆದು ಬೆಳೆದು, 19 ವರ್ಷದ ಮೇಲೆ ಹೊರಬಂದಿದ್ದಾನೆ. ಯಾರೂ ಮನೆಯೊಳಗೆ ಬಿಡುವುದಿಲ್ಲ. ಒಬ್ಬ ಬಿಷಪ್ ಮಾತ್ರ ಊಟ ಹಾಕಿ ಹಾಸಿಗೆ ಕೊಡುತ್ತಾರೆ. ರಾತ್ರಿ ಅವನು ಅವರ ಬೆಳ್ಳಿ ಪಾತ್ರೆ ಕದ್ದು ಓಡುತ್ತಾನೆ. ಬೆಳಿಗ್ಗೆ ಪೊಲೀಸರು ಎಳೆದು ತರುತ್ತಾರೆ. ಬಿಷಪ್ ಅವನನ್ನು ನೋಡಿ, ಮೇಣದಬತ್ತಿಯ ಕಂಬಗಳನ್ನೂ ಕೊಟ್ಟಿದ್ದೆನಲ್ಲ, ಅವನ್ನು ಯಾಕೆ ಬಿಟ್ಟುಹೋದೆ ಅನ್ನುತ್ತಾರೆ.

ಇದಕ್ಕೆ ಎಷ್ಟು ಹೊತ್ತು ಬೇಕು? ಐದು ನಿಮಿಷ. ಕ್ಷಮೆ ಸಿಗುವುದು ಒಂದು ಕ್ಷಣದಲ್ಲಿ. ಆ ಕ್ಷಣದಲ್ಲಿ ಕೊಟ್ಟವರ ಮುಖ, ತಗೊಂಡವನ ಮುಖ ನಮಗೆ ಕಾಣಬೇಕು, ಅಷ್ಟೇ. ಟಿವಿ ಮಾಡಬಲ್ಲ ಕೆಲಸವೇ ಅದು. ಪರದೆ ಚಿಕ್ಕದು, ಅದಕ್ಕೇ ಅದು ಯುದ್ಧಭೂಮಿ ಬಿಟ್ಟು ಮುಖದ ಹತ್ತಿರ ಹೋಗುತ್ತದೆ. ಈ ಚಿತ್ರದಲ್ಲಿ ಬಿಷಪ್ ಪಾತ್ರ ಫ್ರೆಂಚ್ ನಟ ಕ್ಲೋದ್ ದೋಫಾ ಅವರದು. ವಾಲ್‌ಜೀನ್‌ನ ಸಾಕುಮಗಳನ್ನು ಮದುವೆಯಾಗುವ ಮಾರಿಯಸ್‌ನ ತಾತನಾಗಿ ಜಾನ್ ಗಿಲ್ಗುಡ್, ದುಷ್ಟ ಥೆನಾರ್ಡಿಯೆ ಆಗಿ ಇಯಾನ್ ಹೋಮ್. ಚಿಕ್ಕ ಪಾತ್ರಕ್ಕೂ ಇಂಥವರು ಬಂದರೆ ಹತ್ತು ಪುಟದ ವಿವರಣೆ ಒಂದು ನೋಟದಲ್ಲಿ ಮುಗಿಯುತ್ತದೆ.

ಪರ್ಕಿನ್ಸ್ ಅವರನ್ನಂತೂ ಬಿಡುವ ಹಾಗಿಲ್ಲ. 1960ರ ‘ಸೈಕೋ’ದ ಆ ಹುಡುಗನೇ ಇಲ್ಲಿ ಜಾವೇರ್. ಜಾವೇರ್ ಕೆಟ್ಟವನಲ್ಲ. ಅವನು ಹುಟ್ಟಿದ್ದೇ ಜೈಲಿನಲ್ಲಿ. ಅಲ್ಲಿಂದ ಹೊರಬರಲು ಅವನಿಗೆ ಸಿಕ್ಕ ಒಂದೇ ಹಗ್ಗ ಕಾನೂನು. ಪರ್ಕಿನ್ಸ್ ಕೂಗಾಡುವುದಿಲ್ಲ, ತಣ್ಣಗಿರುತ್ತಾರೆ. ಆ ತಣ್ಣನೆಯ ಮುಖ ನೋಡಿದಾಗಲೇ ವಾಲ್‌ಜೀನ್ ಎಂಥ ಗೋಡೆಗೆ ಎದುರಾಗಿ ಒಳ್ಳೆಯವನಾಗಬೇಕಿತ್ತು ಅಂತ ಅರ್ಥವಾಗುತ್ತದೆ. ಬೆನ್ನಟ್ಟುವುದನ್ನೇ ಕಥೆಯ ಬೆನ್ನುಮೂಳೆ ಮಾಡಿಕೊಂಡರೆ ತಪ್ಪೇನಿದೆ?

ಹ್ಯೂಗೋ ಬರೆದದ್ದು ಪಂಡಿತರಿಗಾಗಿ ಅಲ್ಲ. ಪುಸ್ತಕ ಬಂದ ಮರುವರ್ಷವೇ, 1863ರಲ್ಲಿ, ಸ್ವಂತ ಮಗ ಶಾರ್ಲ್ ಇದನ್ನು ನಾಟಕ ಮಾಡಿ ಬ್ರಸೆಲ್ಸ್‌ನಲ್ಲಿ ಆಡಿಸಿದ. ನಾಟಕ ಅಂದ ಮೇಲೆ ಕತ್ತರಿ ಬಿದ್ದೇ ಬೀಳುತ್ತದೆ, ಅಲ್ವಾ? ನಮ್ಮ ಪಕ್ಕದಲ್ಲೇ 1950ರಲ್ಲಿ ನಾಗಯ್ಯ ಅಭಿನಯದ ತಮಿಳು ಚಿತ್ರ ‘ಏಳೈ ಪಡುಂ ಪಾಡು’ ಬಂತು. ಅದರಲ್ಲಿ ಪೊಲೀಸ್ ಪಾತ್ರ ಮಾಡಿದ ಸೀತಾರಾಮನ್ ಅವರಿಗೆ ಕೊನೆತನಕ ‘ಜಾವರ್ ಸೀತಾರಾಮನ್’ ಅಂತಲೇ ಹೆಸರು ಉಳಿಯಿತು. ಹ್ಯೂಗೋನ ಪುಸ್ತಕ ಮುಟ್ಟದವರ ಬಾಯಲ್ಲೂ ಅವನ ಪಾತ್ರದ ಹೆಸರು ಓಡಾಡಿತು. ಕಥೆ ಜನರನ್ನು ಮುಟ್ಟುವುದು ಅಂದರೆ ಇದೇ.

ವಿರೋಧ: ಬೆನ್ನಟ್ಟುವವನು ಸತ್ತ ಮೇಲೆ ಏನಾಯಿತು?

ನಟರು ಚೆನ್ನಾಗಿದ್ದಾರೆ, ಒಪ್ಪುತ್ತೇನೆ. ಆದರೆ ಬಿಷಪ್ ಮನೆಯ ಆ ಐದು ನಿಮಿಷದಲ್ಲಿ ವಾಲ್‌ಜೀನ್ ಬದಲಾದ ಅನ್ನುವುದನ್ನು ಒಪ್ಪಲಾರೆ. ಕಾದಂಬರಿಯಲ್ಲಿ ಅವನು ಆ ಕ್ಷಣ ಬದಲಾಗುವುದೇ ಇಲ್ಲ.

ಬೆಳ್ಳಿ ಹೊತ್ತು ಹೊರಟ ಅದೇ ದಿನ ಸಂಜೆ ಅವನಿಗೆ ಒಬ್ಬ ಪುಟ್ಟ ಹುಡುಗ ಸಿಗುತ್ತಾನೆ. ಹೆಸರು ಪೆಟಿ ಜೆರ್ವೆ. ಹುಡುಗನ 40 ಸೂ (ಸೂ ಅಂದರೆ ಆಗಿನ ಫ್ರಾನ್ಸಿನ ಚಿಲ್ಲರೆ ಹಣ) ನಾಣ್ಯ ಉರುಳಿ ಬರುತ್ತದೆ. ವಾಲ್‌ಜೀನ್ ಅದರ ಮೇಲೆ ಕಾಲಿಡುತ್ತಾನೆ. ಹುಡುಗ ಎಷ್ಟು ಅತ್ತರೂ ಕಾಲು ತೆಗೆಯುವುದಿಲ್ಲ. ಹುಡುಗ ಹೆದರಿ ಓಡಿಹೋದ ಮೇಲೆ ಅವನಿಗೆ ಎಚ್ಚರವಾಗುತ್ತದೆ. ಹುಡುಗನ ಹೆಸರು ಕೂಗುತ್ತಾ ಬಯಲಲ್ಲಿ ಓಡುತ್ತಾನೆ, ಸಿಗುವುದಿಲ್ಲ. 19 ವರ್ಷದಲ್ಲಿ ಮೊದಲ ಸಲ ಅಳುತ್ತಾನೆ. ದಯೆ ಪಡೆದ ಮೇಲೂ ಕೈ ಹಳೆಯ ಕೆಲಸವನ್ನೇ ಮಾಡುತ್ತದೆ, ಅದನ್ನು ಕಂಡು ಮನುಷ್ಯ ತನಗೇ ಹೆದರುತ್ತಾನೆ. ಹ್ಯೂಗೋ ತೋರಿಸಿದ್ದು ಇದನ್ನು. ಎಷ್ಟೋ ರೂಪಾಂತರಗಳಲ್ಲಿ ಈ ಹುಡುಗ ಇಲ್ಲವೇ ಇಲ್ಲ.

ಮುಂದೆ ಅವನು ಬೇರೆ ಹೆಸರಿನಲ್ಲಿ ಒಂದು ಊರಿನ ಮೇಯರ್ ಆಗುತ್ತಾನೆ. ವಾಲ್‌ಜೀನ್ ಎಂದು ತಪ್ಪು ತಿಳಿದು ಪೊಲೀಸರು ಇನ್ನೊಬ್ಬನನ್ನು ಹಿಡಿಯುತ್ತಾರೆ. ಸುಮ್ಮನಿದ್ದರೆ ಬಚಾವ್. ಆ ರಾತ್ರಿಯಿಡೀ ಅವನು ಕೋಣೆಯಲ್ಲಿ ಅಡ್ಡಾಡುತ್ತಾನೆ. ಹಳೆಯ ಬಟ್ಟೆ ಸುಡುತ್ತಾನೆ. ಬಿಷಪ್ ಕೊಟ್ಟ ಕಂಬಗಳನ್ನೂ ಬೆಂಕಿಗೆ ಹಾಕಲು ಹೋಗುತ್ತಾನೆ. ಬೆಳಿಗ್ಗೆ ಕೋರ್ಟಿಗೆ ಹೊರಟಾಗ ದಾರಿಯಲ್ಲಿ ಗಾಡಿಯ ಚಕ್ರ ಮುರಿಯುತ್ತದೆ. ಆಗ ಅವನಿಗೆ ಎಂಥ ಖುಷಿ! ನಾನು ಪ್ರಯತ್ನಪಟ್ಟೆ, ಇನ್ನು ನನ್ನ ತಪ್ಪಲ್ಲ. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು, ನನ್ನ ಹತ್ತಿರ ಒಂದು ಗಾಡಿ ಇದೆ ಅನ್ನುತ್ತಾಳೆ. ಅವನ ಮೈ ಬೆವರುತ್ತದೆ. ಇದನ್ನು ಓದುವಾಗ ನನಗೂ ಎದೆ ಹಿಡಿದ ಹಾಗಾಗುತ್ತದೆ, ಪ್ರತಿ ಸಲ. ಗಡಿಯಾರ ನೋಡಿಕೊಂಡು ಕಥೆ ಹೇಳುವವರಿಗೆ ಆ ಚಕ್ರಕ್ಕೆ ಸಮಯವೇ ಇರುವುದಿಲ್ಲ.

ಉದ್ದದ ಮಾತು ಸುಮ್ನೆ ಹಠವಲ್ಲ. ಜೆರಾರ್ ದೆಪಾರ್ದಿಯು ವಾಲ್‌ಜೀನ್ ಆಗಿದ್ದ 2000ದ ಟಿವಿ ಧಾರಾವಾಹಿ ನೋಡಿ. ಫ್ರೆಂಚರಿಗೆ ಆರು ಗಂಟೆ, ಇಂಗ್ಲಿಷಿನವರಿಗೆ ಮೂರು ಗಂಟೆ ಅಂತ ಎರಡು ರೂಪ ಮಾಡಿದರು. ಅರ್ಧ ತೆಗೆದರೂ ಘಟನೆಗಳು ಉಳಿಯುತ್ತವೆ. ಹೋಗುವುದು ಕಾಯುವ ಹೊತ್ತು, ಅನುಮಾನ, ತಡವರಿಕೆ. ಮನುಷ್ಯ ಬದಲಾಗುವುದು ಅಲ್ಲೇ ತಾನೆ?

ಇನ್ನು ಜಾವೇರ್. ತನ್ನನ್ನು ಕೊಲ್ಲಬಹುದಾಗಿದ್ದ ವಾಲ್‌ಜೀನ್ ಜೀವ ಉಳಿಸಿದ. ಅದನ್ನು ತಡೆಯಲಾರದೆ ಅವನು ಸೇನ್ ನದಿಗೆ ಹಾರುತ್ತಾನೆ. ಬೆನ್ನಟ್ಟುವುದೇ ಕಥೆ ಅಂದುಕೊಂಡರೆ ಎಲ್ಲ ಅಲ್ಲಿಗೆ ಮುಗಿಯಿತು. 1998ರಲ್ಲಿ ಥಿಯೇಟರಿಗಾಗಿ ಮಾಡಿದ ಚಿತ್ರ ನಿಜಕ್ಕೂ ಅಲ್ಲೇ ಮುಗಿಯುತ್ತದೆ. ವಾಲ್‌ಜೀನ್ ಹಗುರಾಗಿ ನಡೆದುಹೋಗುತ್ತಾನೆ. ಆದರೆ ಹ್ಯೂಗೋಗೆ ಆಗ ಇನ್ನೂ ಒಂದು ಇಡೀ ಪರೀಕ್ಷೆ ಬಾಕಿ ಇತ್ತು.

ಜಾವೇರ್ ಸತ್ತಿದ್ದಾನೆ. ಸಾಕುಮಗಳು ಕೋಸೆಟ್‌ಗೆ ಮಾರಿಯಸ್ ಜೊತೆ ಮದುವೆಯಾಗಿದೆ. ಮಾರಿಯಸ್‌ನ ಜೀವ ಉಳಿಸಿದವನೂ ಇವನೇ, ಪ್ಯಾರಿಸ್ಸಿನ ಚರಂಡಿಯಲ್ಲಿ ಹೆಗಲ ಮೇಲೆ ಹೊತ್ತುಕೊಂಡು. ಅವರ ಮನೆಯಲ್ಲಿ ಇವನಿಗೊಂದು ಕೋಣೆ ಕಾದಿದೆ. ಈಗ ಇವನನ್ನು ಹುಡುಕುವವರು ಯಾರೂ ಇಲ್ಲ. ಹಾಗಿದ್ದೂ ಮದುವೆಯ ಮಾರನೇ ದಿನ ಮಾರಿಯಸ್ ಹತ್ತಿರ ಹೋಗಿ, ನಾನು ಜೈಲಿನಿಂದ ಬಂದವನು ಅನ್ನುತ್ತಾನೆ. ಚರಂಡಿಯ ವಿಷಯ ಮಾತ್ರ ಬಾಯಿ ಬಿಡುವುದಿಲ್ಲ. ಮಾರಿಯಸ್ ನಿಧಾನಕ್ಕೆ ಅವನನ್ನು ದೂರ ಇಡುತ್ತಾನೆ. ಮೊದಲು ಕೆಳಗಿನ ತೇವದ ಕೋಣೆಯಲ್ಲಿ ಭೇಟಿ. ಆಮೇಲೆ ಒಲೆಯಲ್ಲಿ ಬೆಂಕಿ ಇಲ್ಲ. ಆಮೇಲೆ ಕುರ್ಚಿಯೂ ಇಲ್ಲ. ಅವನು ಬರುವುದನ್ನೇ ನಿಲ್ಲಿಸುತ್ತಾನೆ.

ಜಾವೇರ್ ಬದುಕಿದ್ದಾಗ ಮಾಡಿದ ಒಳ್ಳೆಯ ಕೆಲಸಕ್ಕೆ ಭಯವೂ ಒಂದು ಕಾರಣ ಅನ್ನಬಹುದಿತ್ತು. ಇದಕ್ಕೆ ಯಾವ ಕಾರಣ ಹೇಳೋಣ? ಅವನು ನಿಜಕ್ಕೂ ಬೇರೆಯವನಾಗಿದ್ದಾನೆ ಅನ್ನುವುದಕ್ಕೆ ನನಗೆ ಸಿಕ್ಕ ಸಾಕ್ಷಿ ಇದೇ. ನಿಧಾನವಾಗಿ, ಒಂದೊಂದೇ ಕುರ್ಚಿ ತೆಗೆಯುತ್ತಾ ಹೇಳಿದರೆ ಮಾತ್ರ ಇದು ಹೊಟ್ಟೆಗಿಳಿಯುತ್ತದೆ.

ನಿಜ ತಿಳಿದು ಕೋಸೆಟ್, ಮಾರಿಯಸ್ ಓಡಿಬರುತ್ತಾರೆ. ತಡವಾಗಿದೆ. ಅವನು ಬಿಷಪ್ ಕೊಟ್ಟ ಆ ಎರಡು ಕಂಬಗಳಲ್ಲಿ ದೀಪ ಹಚ್ಚಿಟ್ಟಿದ್ದಾನೆ. ಅವು ಬೆಳ್ಳಿಯವು, ಆದರೆ ನನಗೆ ಚಿನ್ನ ಅನ್ನುತ್ತಾ ಕೋಸೆಟ್‌ಗೆ ಬಿಟ್ಟು ಹೋಗುತ್ತಾನೆ. ಸಮಾಧಿಯ ಕಲ್ಲಿನ ಮೇಲೆ ಹೆಸರೇ ಇಲ್ಲ. ಯಾರೋ ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು ಬರೆದಿದ್ದರು. ಮಳೆ, ಧೂಳಿಗೆ ಅದೂ ಅಳಿಸುತ್ತಾ ಬಂತು.